ಹೊಲಿಗೆ ಮಿಷನ್ನಿನ ವೇಗಕ್ಕೆ ಹಾಡಿದವರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಹಳ್ಳಿಮೈಸೂರಿನ ಒಬ್ಬ ಅಜ್ಜಿಯನ್ನು ನಾನು ಹತ್ತು ವರ್ಷ ಗಂಡಸು ಮಾಡಿ ಇಟ್ಟುಕೊಂಡಿದ್ದೆ. ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಸನದಲ್ಲಿ ಇಪ್ಪತ್ತು ಜನ ಕೂತಿದ್ದ ಕಡೆ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಇಂಥ ಗಂಡು ದನಿ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಹುಟ್ಟಿಲ್ಲ ಎಂದು ಭಾಷಣ ಮಾಡಿದೆ. ಅಷ್ಟಕ್ಕೇ ಬಿಡದೆ ಆ ದನಿಯನ್ನು ಅನುಕರಿಸಿಯೂ ತೋರಿಸಿದೆ. ಮಿಮಿಕ್ರಿ ಮಾಡುವವನ ಕಿವಿ ಬಲು ಚುರುಕು ಎಂದು ಜನ ನಂಬಿದ್ದಾರೆ. ಆ ನಂಬಿಕೆಯಿಂದಲೇ ನನಗೆ ಮದುವೆ ಮನೆಗಳಲ್ಲಿ ಮೊದಲ ಪಂಕ್ತಿಯ ಊಟ ಸಿಗುವುದರಿಂದ ನಾನೂ ಅದನ್ನು ತಿದ್ದಲು ಹೋಗಿಲ್ಲ.

ನನ್ನ ಕಿವಿ ತಯಾರಾದದ್ದು ಅರಕಲಗೂಡಿನಲ್ಲಿ, ಸೋದರಮಾವನ ಟೈಲರ್ ಅಂಗಡಿಯಲ್ಲಿ. ಪಿಯುಸಿ ಓದಲು ಎರಡು ವರ್ಷ ಅವರ ಮನೆಯಲ್ಲಿದ್ದೆ. ಓದಿದ್ದು ಕಡಿಮೆ, ಕೇಳಿದ್ದು ಜಾಸ್ತಿ. ಕ್ಯಾಸೆಟ್ ಹೋಗಿ, ಸಿಡಿ ಬಂದು, ಅದೂ ಹೋಗಿ, ಎಲ್ಲರ ಜೇಬಿನಲ್ಲೂ ಫೋನ್ ಹಾಡತೊಡಗಿದ್ದ ಕಾಲ ಅದು. ಮಾವ ಮಾತ್ರ ಟೇಪ್ ರೆಕಾರ್ಡರ್ ಬಿಟ್ಟಿರಲಿಲ್ಲ. ಇದು ಊರಿಗೆಲ್ಲ ಗೊತ್ತಿದ್ದರಿಂದ ಮನೆ ಚೊಕ್ಕಟ ಮಾಡುವಾಗ ಸಿಕ್ಕ ಕ್ಯಾಸೆಟ್ಟುಗಳನ್ನು ಜನ ಎಸೆಯದೆ ಅಂಗಡಿಗೆ ತಂದುಕೊಡುತ್ತಿದ್ದರು. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದವರು ಚೀಲದಿಂದ ಮೊದಲು ಪ್ಯಾಂಟು ತೆಗೆದು, ಆಮೇಲೆ ನಾಲ್ಕು ಕ್ಯಾಸೆಟ್ ತೆಗೆದು, "ಇದ್ನೂ ಮಡಿಕಳ್ಳಿ" ಅನ್ನುತ್ತಿದ್ದರು. ಹಾಗಾಗಿ ಮಾವನ ಅಂಗಡಿಯ ಗೋಡೆಗೂಡಿನಲ್ಲಿ ಇರಬಾರದವರೆಲ್ಲ ಒಟ್ಟಿಗೆ ಇದ್ದರು. ವೀಣೆಯ ಪಕ್ಕದಲ್ಲಿ ಕೂದಲು ಬಿಟ್ಟುಕೊಂಡ ವಿದೇಶದ ಬ್ಯಾಂಡಿನ ನಾಲ್ವರು. ಅವರ ಮೇಲೆ ನಾದಸ್ವರ. ನಾದಸ್ವರಕ್ಕೆ ಒರಗಿಕೊಂಡು ಶ್ರವಣಬೆಳಗೊಳದ ಅಂಗಡಿಯಲ್ಲಿ ಯಾರೋ ಯಾತ್ರಿಕರು ಕೊಂಡಿದ್ದ ಜೈನ ಸ್ತವನಗಳು.

ಮಾವ ಇವನ್ನೆಲ್ಲ ಜೋಡಿಸಿಟ್ಟಿದ್ದು ಕೆಲಸದ ಪ್ರಕಾರ. ಅವರ ಮಟ್ಟಿಗೆ ಸಂಗೀತದಲ್ಲಿ ಶಾಸ್ತ್ರೀಯ, ಸುಗಮ ಎಂಬ ಭೇದ ಇರಲಿಲ್ಲ. ಕೈಹೊಲಿಗೆಯದು, ಉದ್ದ ಹೊಲಿಗೆಯದು, ಕಾಜಾದ್ದು ಎಂದಿತ್ತು. ಕಾಜಾ ಎಂದರೆ ಗುಂಡಿ ತೂರುವ ಕಂಡಿ. ಅದನ್ನು ಸುತ್ತ ದಾರ ಹೆಣೆದು ಕಟ್ಟುವಾಗ ಉರ್ದು ಗಜಲ್‌ಗಳೇ ಬೇಕು.

"ಕಾಜಾ ಐತೆ ಕಣ್ಲಾ ಅಳಿಯ, ಆ ಉರ್ದುನೋರ್ದು ಆಕು."

"ನಿಮ್ಗೆ ಉರ್ದು ಬತ್ತದಾ ಮಾವ?"

"ನಂಗ್ಯಾಕ್ಲಾ ಉರ್ದು. ಒಂದ್ ಸಾಲ್ ಏಳ್ಬುಟ್ಟು ಸುಮ್ನಾಯ್ತಾನೆ ನೋಡು, ಅಷ್ಟ್ರೊಳ್ಗೆ ನಾನು ದಾರ ಪೋಣಿಸ್ಕತೀನಿ. ಬ್ಯಾರೆಯೋರು ಅಷ್ಟ್ ಟೈಮ್ ಕೊಡಲ್ಲ."

ಆಮೇಲೆ ನಾನು ಗಜಲ್ ಬಗ್ಗೆ ದೊಡ್ಡ ದೊಡ್ಡ ಮಾತುಗಳನ್ನು ಓದಿದ್ದೇನೆ. ಸಾಲು ಮತ್ತು ಸಾಲಿನ ನಡುವೆ ಕೇಳುವವನಿಗೆ ಬಿಟ್ಟುಕೊಡುವ ಜಾಗದ ಬಗ್ಗೆ ಮಾವನಷ್ಟು ಸರಿಯಾಗಿ ಹೇಳಿದವರನ್ನು ಇನ್ನೂ ಕಂಡಿಲ್ಲ. ವೀಣೆ ಕೈಹೊಲಿಗೆಗೆ. ಆ ವಾದಕರು ಒಂದು ತಂತಿ ಮೀಟಿದರೆ ನಾದ ಬೆಲ್ಲದ ಪಾಕದ ಹಾಗೆ ಎಳೆ ಎಳೆಯಾಗಿ ಇಳಿಯುತ್ತಿತ್ತು. ಸ್ತವನಗಳು ಮಾತ್ರ ಯಾವ ಕೆಲಸಕ್ಕೂ ಒದಗಲಿಲ್ಲ. ಹೆಂಗಸರ ಮೇಳ ಎಂದು ಹೊದಿಕೆಯ ಮೇಲೆ ಬರೆದಿದ್ದರೂ ದನಿಗಳು ಭಾರವಾಗಿ ಕಾಲೆಳೆಯುತ್ತಿದ್ದವು. ಪಾಪ, ಬೆಟ್ಟದ ಮೆಟ್ಟಿಲೆಲ್ಲ ಹತ್ತಿ ಇಳಿದ ಮೇಲೆ ಹಾಡಿಸಿದ್ದಾರೆ, ಸುಸ್ತಾಗಿದ್ದಾರೆ ಎಂದು ನಾನು ತೀರ್ಮಾನ ಮಾಡಿದ್ದೆ. ವಿದೇಶದ ನಾಲ್ವರನ್ನು ಎಂಜಿನಿಯರಿಂಗ್ ಓದುತ್ತಿದ್ದ ಒಬ್ಬ ಅಂಗಡಿಯಲ್ಲಿ ಮರೆತು ಹೋಗಿದ್ದ. ಅವರ ಡ್ರಮ್ಮಿನವನು ಕಲ್ಲು ಒಡೆಯುವವನ ಹಾಗೆ ಒಂದೊಂದೇ ಏಟು ಇಡುತ್ತಿದ್ದ. ಹಾಡುವವನು ತಲೆನೋವಿಟ್ಟುಕೊಂಡು ಯಾರನ್ನೋ ಬೈಯುತ್ತಿದ್ದ. ಪ್ರಪಂಚದ ಸಿಟ್ಟೆಲ್ಲ ಆ ಕ್ಯಾಸೆಟ್ಟಿನಲ್ಲಿದೆ ಎಂದು ನನಗೆ ಅದರ ಮೇಲೆ ಭಾರೀ ಗೌರವ.

ಇಷ್ಟು ಬಗೆಯ ಹಾಡಿದ್ದರೂ ಯಾವುದೂ ಮಾವನ ಕಾಲನ್ನು ಓಡಿಸುತ್ತಿರಲಿಲ್ಲ. ಮಿಷನ್ನಿನ ಪೆಡಲ್ ಮೇಲೆ ಅವರ ಪಾದ ಒಂದೇ ಹದದಲ್ಲಿ ಏರಿಳಿಯುತ್ತಿತ್ತು, ಹಾಡು ಅದರ ಜತೆಗೇ ನಡೆಯುತ್ತಿತ್ತು. ಮಾವನಿಗೆ ಎಂಥ ತಾಳಜ್ಞಾನ ಎಂದು ನಾನು ಬೆರಗಾಗುತ್ತಿದ್ದೆ. ಬೆರಗಾಗುವ ಬದಲು ಒಂದು ಪ್ರಶ್ನೆ ಕೇಳಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಆ ಗೂಡಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದಕ್ಕೆ ಹೊದಿಕೆಯೇ ಇರಲಿಲ್ಲ. ಮಾವ ಬಟ್ಟೆಗೆ ಗುರುತು ಹಾಕುವ ಪೆನ್ಸಿಲಿನಲ್ಲಿ "ಹಳ್ಳಿಮೈಸೂರು" ಎಂದು ಬರೆದಿದ್ದರು, ಅಷ್ಟೆ. ಯಾರೋ ಕೊಟ್ಟದ್ದು, ಯಾರೆಂದು ಅವರಿಗೂ ನೆನಪಿಲ್ಲ. ಒಂದೇ ಗಂಟಲು. ಅಡಿಯಲ್ಲಿ ಗುರ್ ಎಂಬ ಒಂದು ನಾದ. ರಾಗಿಯ ಪದದಿಂದ ಶುರುವಾಗಿ, ತವರಿಗೆ ಹೋಗಿ, ಅಣ್ಣನನ್ನು ವಿಚಾರಿಸಿ, ಮಳೆಯನ್ನು ಬೈದು, ಕಡೆಗೆ ಮತ್ತೆ ರಾಗಿಗೇ ಬಂದು ನಿಲ್ಲುತ್ತಿತ್ತು. ಒಂದು ಹಾಡು ಇನ್ನೊಂದಕ್ಕೆ ಬಾಗಿಲು ತೆರೆದು ಕೊಡುತ್ತಿತ್ತು. ನಡುವೆ ಒಂದನ್ನು ತೆಗೆದರೆ ಉಳಿದದ್ದು ನಿಲ್ಲುವುದಿಲ್ಲ. ಆಲ್ಬಮ್ ಎಂದರೆ ಇದು ಎಂದು ನಾನು ಇವತ್ತಿಗೂ ಹೇಳುತ್ತೇನೆ. ಆ ಮಾತಿನಲ್ಲಾದರೂ ನನ್ನ ತಪ್ಪಿಲ್ಲ.

ನಾಲ್ಕು ವರ್ಷದ ಹಿಂದೆ ಮಾವನ ಕಣ್ಣು ಮಂಜಾಗಿ ಅಂಗಡಿ ಮುಚ್ಚಿದರು. ಆಗ ನನಗೆ ಹಾಸನದ ಒಂದು ಕೊರಿಯರ್ ಕಚೇರಿಯಲ್ಲಿ ಕೆಲಸ. ಟೇಪ್ ರೆಕಾರ್ಡರನ್ನೂ ಎರಡು ರಟ್ಟಿನ ಪೆಟ್ಟಿಗೆ ಕ್ಯಾಸೆಟ್ಟುಗಳನ್ನೂ ಬಸ್ಸಿಗೆ ಹತ್ತಿಸಿದರು. ಎತ್ತಿದರೆ ಬ್ಯಾಟರಿ ಹಾಕುವ ಜಾಗದಲ್ಲಿ ಏನೋ ಗಲಗಲ ಅಂದಿತು.

"ಏನ್ ಮಾವ ಒಳ್ಗೆ?"

"ಅದು ಅಂಗೇ ಇರ್ಲಿ, ಎಸೀಬ್ಯಾಡ. ಒಂದಿನ ಬೇಕಾಯ್ತದೆ."

ಎಸೆಯಲಿಲ್ಲ. ತೆಗೆದು ನೋಡಲೂ ಇಲ್ಲ.

ಈಗ ನಡೆದದ್ದನ್ನೆಲ್ಲ ಹಿಂದಿರುಗಿ ನೋಡಿದರೆ ದೇವರು ನನಗೆ ಸಾಕಷ್ಟು ಸೂಚನೆ ಕೊಟ್ಟಿದ್ದಾನೆ. ಚನ್ನರಾಯಪಟ್ಟಣದ ಒಂದು ಮದುವೆಯಲ್ಲಿ ಎಲ್ಲರೂ ಬಲ್ಲ ಹಳೆಯ ಗಾಯಕರೊಬ್ಬರನ್ನು ಅನುಕರಿಸಿದೆ. ಮಾವನ ಅಂಗಡಿಯಲ್ಲಿ ಕಲಿತ ಹಾಗೆಯೇ, ಒಂದು ಉಸಿರೂ ತಪ್ಪದಂತೆ. ಗಂಡಿನ ಕಡೆಯ ಹಿರಿಯರೊಬ್ಬರು ಊಟದ ಎಲೆಯ ಮುಂದೆ ನನ್ನನ್ನು ನಿಲ್ಲಿಸಿಕೊಂಡು ಕೇಳಿದರು: "ಚೆನ್ನಾಗಿತ್ತು ಕಣಪ್ಪ. ಅವ್ರಿಗೇನು ಅವತ್ತು ಮೈ ಉಸಾರಿರ್ಲಿಲ್ವಾ?" ಅವರಿಗೆ ಸಂಗೀತ ತಿಳಿಯದು ಎಂದುಕೊಂಡು ಹೋಳಿಗೆ ತಿಂದು ಬಂದೆ. ಇನ್ನು ಫೋನಿನಲ್ಲಿ ಅದೇ ಹಾಡುಗಳನ್ನು ಕೇಳಿದಾಗ ಎಲ್ಲವೂ ಬಸ್ಸು ತಪ್ಪಿಹೋಗುತ್ತದೆ ಎನ್ನುವ ಹಾಗೆ ಓಡುತ್ತಿದ್ದವು. ಅದಕ್ಕೂ ನನ್ನ ಹತ್ತಿರ ಉತ್ತರವಿತ್ತು. ಡೇಟಾ ಉಳಿಸಲು ಕಂಪನಿಯವರು ಹಾಡನ್ನು ಓಡಿಸಿ ಕಳಿಸುತ್ತಾರೆ. ಈ ಸಂಶೋಧನೆಯನ್ನು ನಾನು ಅನೇಕರಿಗೆ ತಿಳಿಸಿದ್ದೇನೆ. ಅವರೆಲ್ಲರ ಕ್ಷಮೆ ಕೇಳುತ್ತೇನೆ.

ಹಾಸನದಲ್ಲಿ ನಿವೃತ್ತ ಸಂಗೀತದ ಮೇಡಂ ಒಬ್ಬರ ಮನೆಯ ಮಹಡಿಯಲ್ಲಿ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ನಾವು ಕೆಲವರು ಸೇರುತ್ತೇವೆ. ಒಬ್ಬರು ಒಂದು ಹಳೆಯ ಆಲ್ಬಮ್ ತರಬೇಕು, ಕೇಳಿಸಬೇಕು, ಹತ್ತು ನಿಮಿಷ ಮಾತಾಡಬೇಕು. ಮೇಡಂ ಅವರದು ಒಂದೇ ನಿಯಮ: "ಮಾಹಿತಿ ಫೋನಲ್ಲಿದೆ. ನೀವು ಅಭಿಪ್ರಾಯ ಹೇಳಿ." ಮಾಹಿತಿಯೇ ಇಲ್ಲದ ನನಗೆ ಇದಕ್ಕಿಂತ ಒಳ್ಳೆಯ ನಿಯಮ ಬೇಕೆ? ನನ್ನ ಸರದಿ ಬಂದಾಗ ಮಾವನ ಟೇಪ್ ರೆಕಾರ್ಡರನ್ನೇ ಹೊತ್ತುಕೊಂಡು ಹೋಗಿ ಹಳ್ಳಿಮೈಸೂರಿನ ಕ್ಯಾಸೆಟ್ ಹಾಕಿದೆ.

ಆಮೇಲೆ ಹೇಳಿದ್ದನ್ನು ಬರೆಯಲು ಈಗ ಕೈ ಮುಂದೆ ಹೋಗುತ್ತಿಲ್ಲ. ಹೆಂಗಸರೇ ಹಾಡುವ ಪದವನ್ನು ಒಬ್ಬ ಗಂಡಸು ಆ ಕಾಲದಲ್ಲೇ ಹಾಡಿದ್ದಾನೆ, ಇದು ಸಣ್ಣ ಧೈರ್ಯವಲ್ಲ ಎಂದೆ. ಹೆಣ್ಣಿನ ಮನಸ್ಸನ್ನು ಒಳಹೊಕ್ಕು ನೋಡಿದ ಗಂಡಸು ಎಂದೆ. ಹಿಂದೆ ಗುರ್ ಎನ್ನುವುದು ಈಗ ಕಣ್ಮರೆಯಾಗಿರುವ ಯಾವುದೋ ಶ್ರುತಿ ವಾದ್ಯ ಎಂದೆ. ಮೇಡಂ ಕತ್ತು ಓರೆ ಮಾಡಿಕೊಂಡು ಕೇಳುತ್ತಿದ್ದರು.

"ದನಿ ಸ್ವಲ್ಪ ನಿದ್ದೆಗಣ್ಣಲ್ಲಿ ಇದ್ದ ಹಾಗಿದೆ ಅಲ್ವಾ?"

"ಅದು ಹಳ್ಳಿಯ ನಿಧಾನ ಮೇಡಂ," ಎಂದೆ.

ಚಪ್ಪಾಳೆಯೂ ಬಿತ್ತು. ಯಾರೋ ವಿಡಿಯೋ ಮಾಡಿದ್ದರು. ಅದು ವಾಟ್ಸಾಪಿನಲ್ಲಿ ಊರೂರು ಸುತ್ತಿ ಮೂರನೆಯ ದಿನ ನನಗೊಂದು ಫೋನ್ ಬಂತು. ಹಳ್ಳಿಮೈಸೂರಿನಿಂದ, ಬಿ.ಎಡ್ ಓದುತ್ತಿರುವ ಹುಡುಗಿ.

"ಅಣ್ಣ, ಆ ಪದ ನಮ್ಮಜ್ಜೀದು."

"ಅಜ್ಜಿ ಕಟ್ಟಿದ್ದಾ?"

"ಹಾಡಿದ್ದು."

"ಹಾಡಿರೋದು ಗಂಡಸು ಕಣಮ್ಮ."

"ಗಂಡ್ಸ್ರು ಯಾವತ್ತಣ್ಣ ರಾಗಿ ಬೀಸಿದ್ರು?"

ಅವಳೇ ಮುಂದುವರಿಸಿದಳು. ಅವಳು ತೊಟ್ಟಿಲಲ್ಲಿದ್ದಾಗ ಅಜ್ಜಿಗೆ ಗಂಟಲಿನ ಆಪರೇಷನ್ ಆಯಿತಂತೆ. ಅಲ್ಲಿಂದ ಮಾತಿಗೆ ಗೊರಗೊರ ದನಿ ಉಳಿದಿದೆ, ಹಾಡಿಗೆ ಏನೂ ಉಳಿದಿಲ್ಲ. ಪದಗಳನ್ನು ಅಜ್ಜಿ ಮಾತಿನ ಹಾಗೆ ಹೇಳುವುದನ್ನು ಕೇಳಿ ಕೇಳಿ ಅವಳಿಗೆ ಸಾಲು ಸಾಲೂ ಗೊತ್ತು, ವಿಡಿಯೋದಲ್ಲಿ ಗುರುತು ಸಿಕ್ಕಿದ್ದು ಅದರಿಂದ. ಊರಿನ ಶಾಲೆಗೆ ಬಂದಿದ್ದ ಮೇಷ್ಟ್ರೊಬ್ಬರು ಅದಕ್ಕೂ ಮೊದಲು ಅಜ್ಜಿಯ ಪದಗಳನ್ನು ರೆಕಾರ್ಡ್ ಮಾಡಿಕೊಂಡಿದ್ದರು. ಮನೆಗೆ ಕೊಟ್ಟ ಪ್ರತಿಯನ್ನು ಇಲಿ ತಿಂದಿತು. ಮೇಷ್ಟ್ರು ಅರಕಲಗೂಡಿನ ಕಡೆ ವರ್ಗವಾಗಿ ಹೋದರು.

"ನಾನು ಪದ ಎತ್ತುದ್ರೆ ಬೀದೀಲಿ ಓಗೋರು ನಿಂತ್ಕತಿದ್ರು ಅಂತದೆ ಅಜ್ಜಿ. ನಾವೆಲ್ಲ ನಗ್ತೀವಿ. ನಾನೂ ನಕ್ಕಿದೀನಿ ಅಣ್ಣ. ನಾನು ಒಂದ್ಸಲ ಕೇಳ್ಲಿ ಅಂತ ಅಜ್ಜಿಗೆ ಆಸೆ. ತಾನು ಕೇಳ್ಬೇಕು ಅಂತಲ್ಲ."

ಮುಂದಿನ ಭಾನುವಾರ ಹೊಳೆನರಸೀಪುರಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಿಸಿ, ತೊಡೆಯ ಮೇಲೆ ಟೇಪ್ ರೆಕಾರ್ಡರ್ ಕೂರಿಸಿಕೊಂಡು ಹಳ್ಳಿಮೈಸೂರಿನಲ್ಲಿ ಇಳಿದೆ. ಅಜ್ಜಿ ಜಗಲಿಯ ಮೇಲೆ ಕಾದಿದ್ದರು. ಒಗೆದ ಸೀರೆ ಉಟ್ಟು, ತಲೆ ಬಾಚಿಕೊಂಡು, ಯಾರೋ ನೆಂಟರನ್ನು ಎದುರುಗೊಳ್ಳುವ ಹಾಗೆ. ಮೊಮ್ಮಗಳು ಪಕ್ಕದಲ್ಲಿ ಕೂತಳು. ನಾನು ಗುಂಡಿ ಒತ್ತಿದೆ.

ಒಂದು ಪದ ಮುಗಿಯುವವರೆಗೆ ಅಜ್ಜಿ ಅಲುಗಲಿಲ್ಲ. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಇದು ನಂದಲ್ಲ ಕಣಪ್ಪ."

"ಪದ ನಿಂದೇ ಅಲ್ವಾ ಅಜ್ಜಿ?" ಮೊಮ್ಮಗಳು ಕೇಳಿದಳು.

"ಪದ ನಂದೆ. ಆ ಗುರ್ ಅನ್ನೋದು ನಮ್ ಬೀಸೋ ಕಲ್ಲೆಯ. ಅಗೋ, ಮೂಲೇಲಿ ಬಿದ್ದೈತಲ್ಲ." ಕಣ್ಮರೆಯಾದ ಶ್ರುತಿ ವಾದ್ಯ ಮೂಲೆಯಲ್ಲಿ ಗುದ್ದಲಿಯ ಪಕ್ಕ ಕೂತು ನನ್ನನ್ನೇ ನೋಡುತ್ತಿತ್ತು. ಅಜ್ಜಿ ಮತ್ತೆ ಕ್ಯಾಸೆಟ್ಟಿನ ಕಡೆ ತಿರುಗಿ, ಇನ್ನೂ ಸಣ್ಣ ದನಿಯಲ್ಲಿ ಹೇಳಿದರು: "ನಾನು ಇಂಗೇ ಆಡ್ತಿದ್ನೇನೋ. ನಂಗೇ ಚೆಂದ ಕಂಡಿತ್ತೇನೋ. ಬುಡು ಮಗ, ಎತ್ತಿಡು."

ಮೊಮ್ಮಗಳು ತಲೆ ತಗ್ಗಿಸಿದಳು. ನಾನು ಎಷ್ಟೋ ಜನರನ್ನು ಅಣಕಿಸಿದ್ದೇನೆ, ಎಷ್ಟೋ ಜನ ಬೈದಿದ್ದಾರೆ, ಒಂದು ಸಲವೂ ನಾಚಿಕೆಯಾಗಿರಲಿಲ್ಲ. ಇಲ್ಲಿ ಯಾರನ್ನೂ ಅಣಕಿಸದೆಯೇ ಒಬ್ಬರ ಹಾಡನ್ನು ಅವರಿಂದಲೇ ಕಿತ್ತುಕೊಂಡಿದ್ದೆ. ಪದವೂ ಕಲ್ಲೂ ಅವರದೇ, ದನಿ ಮಾತ್ರ ಅಲ್ಲ ಎಂದರೆ ತಪ್ಪು ಟೇಪ್ ರೆಕಾರ್ಡರಿನಲ್ಲೇ ಇರಬೇಕು ಎನಿಸಿ, ಎದ್ದು ಅಂಗಳಕ್ಕೆ ಹೋಗಿ ಮಾವನಿಗೆ ಫೋನ್ ಮಾಡಿದೆ.

"ಮಾವ, ಈ ಟೇಪ್ ರೆಕಾರ್ಡರಿಗೆ ಏನಾದ್ರೂ ಮಾಡಿದ್ರಾ?"

"ಮಾಡಿದ್ದೆ ಕಣ್ಲಾ. ನಿಧಾನ ಮಾಡಿದ್ದೆ."

"ಯಾಕೆ?"

"ಆಡು ಓಡುದ್ರೆ ಕಾಲು ಓಡ್ತದೆ. ಕಾಲು ಓಡುದ್ರೆ ಒಲಿಗೆ ವಾರೆ ಆಯ್ತದೆ. ಅದ್ಕೆ ನನ್ ಕಾಲ್ಗೆ ಅಳತೆ ಮಾಡಿ ಕೂರ್ಸಿದ್ದೆ."

"ನಂಗೆ ಏಳ್ಬಾರ್ದಾಗಿತ್ತಾ ಮಾವ?"

"ನೀನ್ ಕಿವಿ ಇರೋನು, ಗೊತ್ತಾಗಿರ್ತದೆ ಅಂದ್ಕಂಡಿದ್ದೆ."

ಬಟ್ಟೆ ಅಳೆದು ಹೊಲಿಯುವವರು ಉಂಟು. ಹಾಡನ್ನೇ ಅಳತೆಗೆ ತಕ್ಕಂತೆ ಹಿಡಿಸಿಕೊಂಡವರು ಮಾವ ಒಬ್ಬರೇ ಇರಬೇಕು. ಟೇಪ್ ನಿಧಾನವಾಗಿ ಸುತ್ತಿದರೆ ದನಿಯೂ ತಗ್ಗಿ ದಪ್ಪವಾಗುತ್ತದೆ, ಅಜ್ಜಿ ಗಂಡಸಾದದ್ದು ಹಾಗೆ. ಬ್ಯಾಟರಿಯ ಜಾಗ ತೆಗೆಯಲು ಹೇಳಿದರು. ಹೊಲಿಗೆ ಮಿಷನ್ನಿನ ಪುಟ್ಟ ಸ್ಕ್ರೂಡ್ರೈವರ್ ಬಿತ್ತು. ನಾಲ್ಕು ವರ್ಷದಿಂದ ಗಲಗಲ ಎನ್ನುತ್ತಿದ್ದದ್ದು ಅದೇ. ಹಿಂದಿನ ಮುಚ್ಚಳ ಬಿಚ್ಚಿದರೆ ಮೋಟರಿನ ಬೆನ್ನಲ್ಲಿ ಒಂದು ಸಣ್ಣ ತೂತಿರುತ್ತದೆ, ಅದರೊಳಗಿನ ಸ್ಕ್ರೂ ತಿರುಗಿಸಿದರೆ ವೇಗ ಬದಲಾಗುತ್ತದೆ ಎಂದರು.

"ಎಷ್ಟು ತಿರುಗಿಸ್ಬೇಕು?"

"ನಂಗೇನ್ಲಾ ಗೊತ್ತು. ಆಡ್ದೋರ್ನ ಕೇಳು."

ಅಜ್ಜಿಯನ್ನು ಮತ್ತೆ ಕೂರಿಸಿದೆವು. ಬೇಡ ಬೇಡ ಎಂದೇ ಕೂತರು. ಹಾಡು ಓಡುತ್ತಿರುವಾಗಲೇ ನಾನು ಸ್ಕ್ರೂ ತಿರುಗಿಸಿದೆ. ಕ್ಯಾಸೆಟ್ಟಿನ ಗಂಡಸು ಒಮ್ಮೆಗೇ ಎಳೆ ಮಗುವಿನ ಹಾಗೆ ಕೀಚಲು ದನಿಯಲ್ಲಿ ಚಿಲಿಪಿಲಿ ಅಂದ. ಹೆಚ್ಚು ತಿರುಗಿಸಿಬಿಟ್ಟಿದ್ದೆ.

"ಲೇ, ಅಳಿಲ್ ಮರಿ ಮಾಡ್ಬುಟ್ಟಲ್ಲೋ," ಎಂದು ಅಜ್ಜಿ ಮೊದಲ ಸಲ ನಕ್ಕರು.

ಹಿಂದಕ್ಕೆ ತಿರುಗಿಸಿದೆ. ಅಜ್ಜಿ ಕಣ್ಣು ಮುಚ್ಚಿಕೊಂಡರು. ಅವರ ಬಲಗೈ ತಾನಾಗಿಯೇ ಎದ್ದು, ಇಲ್ಲದ ಗೂಟವನ್ನು ಹಿಡಿದು, ಗಾಳಿಯಲ್ಲಿ ದುಂಡಗೆ ಸುತ್ತತೊಡಗಿತು. ಕೈ ಒಂದು ಸುತ್ತು ಬರುವಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತಿತ್ತು.

"ಒಸಿ ಇಳ್ಸು... ಇನ್ನೊಸಿ... ಎಚ್ಚಾಯ್ತು, ಏರ್ಸು ಚೂರು... ಅಲ್ಲೇ. ಅಲ್ಲೇ ಮಡಗು. ಮುಟ್ಬ್ಯಾಡ."

ಕೈಯೂ ಕಲ್ಲೂ ಹಾಡೂ ಒಟ್ಟಿಗೆ ಸುತ್ತುತ್ತಿದ್ದವು. ಹೆಣ್ಣು ದನಿ. ತೆಳುವಲ್ಲ, ಬೀಸುವ ಕಲ್ಲಿನ ಸದ್ದನ್ನು ದಾಟಿ ಬೀದಿಗೆ ಕೇಳಿಸಲೇಬೇಕು ಎಂಬಂಥ ದಪ್ಪ, ಬಿಸಿ ದನಿ. ಮಾವನ ಕಾಲು ಕಟ್ಟಿಹಾಕಿದ್ದನ್ನು ಅಜ್ಜಿಯ ಕೈ ಬಿಚ್ಚಿತ್ತು. ಮೊಮ್ಮಗಳು ಅಜ್ಜಿಯ ಇನ್ನೊಂದು ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಎರಡೂ ಬದಿ ಮುಗಿಯುವವರೆಗೆ ಹಾಗೇ ಕೂತಿದ್ದಳು. ಹಾಲು ತೆಗೆದುಕೊಂಡು ಹೋಗುತ್ತಿದ್ದ ಒಬ್ಬ ಹೆಂಗಸು ಬೀದಿಯಲ್ಲಿ ನಿಂತು ಇಣುಕಿದಳು. ಅಜ್ಜಿ ಕಣ್ಣಿನಲ್ಲೇ ಮೊಮ್ಮಗಳಿಗೆ ಅವಳನ್ನು ತೋರಿಸಿದರು.

ಹಾಸನಕ್ಕೆ ಬಂದವನೇ ಒಂದೆರಡು ತಿಂಗಳು ಎರಡು ಪೆಟ್ಟಿಗೆಯನ್ನೂ ಹೊಸದಾಗಿ ಕೇಳಿದೆ. ಕೆಲಸ ಮುಗಿಸಿ ಬಂದು ಸಂಜೆಗೆ ಒಂದೊಂದು. ಇಷ್ಟು ವರ್ಷ ಗೊತ್ತಿದ್ದವರೆಲ್ಲ ಮುಖ ತೊಳೆದುಕೊಂಡು ಬಂದ ಹಾಗಿದ್ದರು. ಬೆಟ್ಟ ಹತ್ತಿ ಸುಸ್ತಾಗಿದ್ದ ಸ್ತವನದ ಹೆಂಗಸರು ಬೆಳಗಿನ ತಂಪಿನಲ್ಲಿ ಹೊರಟು ನಿಂತವರಂತೆ ಹಾಡಿದರು. ವಿದೇಶದ ನಾಲ್ವರಿಗೆ ಸಿಟ್ಟೇ ಇರಲಿಲ್ಲ. ಖುಷಿಯಲ್ಲಿದ್ದರು, ಆಡುತ್ತಿದ್ದರು. ಡ್ರಮ್ಮಿನವನಿಗೆ ಹೆಚ್ಚೆಂದರೆ ನನ್ನ ವಯಸ್ಸು. ಅವರ ಮೇಲಿದ್ದ ಗೌರವ ಸ್ವಲ್ಪ ಕಡಿಮೆಯಾಯಿತು, ಪ್ರೀತಿ ಹೆಚ್ಚಾಯಿತು. ನಾದಸ್ವರ ಮದುವೆಯನ್ನು ಬೇಗ ಮುಗಿಸಿತು. ವೀಣೆಯೊಂದು ಮಾತ್ರ ನನಗೆ ಮಾವನ ವೇಗದಲ್ಲೇ ಚೆನ್ನ. ನಿಜವಾದ ವೇಗದಲ್ಲಿ ಆ ವಾದಕರು ಕಲಾವಿದರು, ಮಾವನ ವೇಗದಲ್ಲಿ ನಮ್ಮ ಮನೆಯವರು. ಇದು ಅಭಿಪ್ರಾಯ, ಮಾಹಿತಿ ಅಲ್ಲ. ಮೇಡಂ ಮುಂದೆ ಇದನ್ನೆಲ್ಲ ಒಪ್ಪಿಕೊಂಡಾಗ ಅವರು ನಕ್ಕು, "ನಿಮಗೆ ಒಂದು ಗೂಡು ಹಾಡು ಎರಡು ಸಲ ಸಿಕ್ಕಿತು, ಅದೃಷ್ಟವಂತರು" ಎಂದರು. ನಿಜ. ಮಾವ ಸ್ಕ್ರೂ ಮುಟ್ಟದಿದ್ದರೆ ನಾನು ಇಷ್ಟು ನಿಧಾನವಾಗಿ ಯಾವುದನ್ನೂ ಕೇಳುತ್ತಿರಲಿಲ್ಲ. ಎಸೆಯಲು ಮನಸ್ಸಾಗದೆ ಪ್ಯಾಂಟಿನ ಜತೆ ಕ್ಯಾಸೆಟ್ ತಂದುಕೊಟ್ಟ ಆ ಜನರ ಮುಖ ಒಂದೂ ನೆನಪಿಲ್ಲ. ಅವರಿಗೆ ನಾನು ಹೇಳಬೇಕಾದ ಥ್ಯಾಂಕ್ಸ್ ಇನ್ನೂ ಬಾಯಲ್ಲೇ ಇದೆ.

ಮತ್ತೊಂದು ಭಾನುವಾರ ಹಳ್ಳಿಮೈಸೂರಿಗೆ ಹೋಗಿ ಕ್ಯಾಸೆಟ್ಟನ್ನು ಅಜ್ಜಿಯ ಕೈಗೇ ಕೊಟ್ಟೆ. ಮೊಮ್ಮಗಳ ಫೋನಿಗೆ ಸರಿಯಾದ ವೇಗದಲ್ಲಿ ಹಾಡುಗಳನ್ನು ಹಾಕಿಸಿದ್ದೆ. ಅಜ್ಜಿ ಕಾಫಿ ಕೊಟ್ಟರು. ಮೊಮ್ಮಗಳು ಬೇಕೆಂದೇ ನನ್ನ ಭಾಷಣದ ವಿಡಿಯೋ ತೆಗೆದು ಅಜ್ಜಿಯ ಮುಂದೆ ಹಿಡಿದಳು. ಗಂಡಸಿನ ಧೈರ್ಯ, ಗಂಡಸಿನ ಒಳನೋಟ, ನನ್ನ ಅನುಕರಣೆ, ಚಪ್ಪಾಳೆ, ಎಲ್ಲವನ್ನೂ ಅಜ್ಜಿ ಕಾಫಿ ಲೋಟ ಹಿಡಿದುಕೊಂಡು ಪೂರ್ತಿ ನೋಡಿದರು. ನಾನು ಎದ್ದು ಕೈಮುಗಿದೆ.

"ತಪ್ಪಾಯ್ತು ಅಜ್ಜಿ. ಹತ್ತು ವರ್ಷ ನಿಮ್ಮನ್ನ ಗಂಡಸು ಅಂದ್ಕಂಡು ಒಗಳ್ಬುಟ್ಟೆ."

ಅಜ್ಜಿ ಲೋಟ ಕೆಳಗಿಟ್ಟರು.

"ಎಂಗಸು ಅಂತ ಗೊತ್ತಿದ್ರೆ ಒಗಳ್ತಿದ್ದೇನ್ಲಾ? ಯಾರೋ ರಾಗಿ ಬೀಸ್ತಾವ್ಳೆ ಅಂತ ಮುಂದ್ಕೋಗ್ತಿದ್ದೆ."